ಸಂಬಳವನ್ನು ಗಂಟೆಯ ಲೆಕ್ಕದಲ್ಲಿ ನೋಡಿ

ಕೇರಳದ ಗಡಿಯ ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವ ಅಣ್ಣಂದಿರು, ಅಕ್ಕಂದಿರು ಒಂದು ಲೆಕ್ಕ ಹಾಕಿ ನೋಡಿ. ತಿಂಗಳ ಸಂಬಳದಿಂದ ಬಸ್ಸಿನ, ಹೊರಗಿನ ಊಟದ ಖರ್ಚು ಕಳೆಯಿರಿ. ಉಳಿದದ್ದನ್ನು ಮನೆಯಿಂದ ಹೊರಗಿರುವ ಒಟ್ಟು ಗಂಟೆಗಳಿಂದ ಭಾಗಿಸಿ. ದಾರಿಯ ಹೊತ್ತೂ ಸೇರಬೇಕು, ಅದೂ ನಿಮ್ಮ ಆಯುಷ್ಯವೇ ಅಲ್ವಾ?

ಉದಾಹರಣೆಗೆ, ಮಂಗಳೂರಲ್ಲಿ 18,000 ರೂಪಾಯಿ, ಖರ್ಚು 2,000, ದಿನಕ್ಕೆ 13 ಗಂಟೆ ಹೊರಗೆ. 26 ದಿನಕ್ಕೆ ಗಂಟೆಗೆ ಸುಮಾರು 47 ರೂಪಾಯಿ. ಊರಲ್ಲೇ 15,000 ಸಿಕ್ಕಿ 9 ಗಂಟೆ ಹೊರಗಿದ್ದರೆ ಗಂಟೆಗೆ 64! ಸಾಲದ ಕಂತು ಇರುವವರಿಗೆ ಕೈಗೆ ಬರುವ ಒಟ್ಟು ಹಣವೇ ಮುಖ್ಯ, ಅದು ನನಗೂ ಗೊತ್ತು. ಆದರೂ ಲೆಕ್ಕ ಗೊತ್ತಿದ್ದು ಹೋಗುವುದು ಒಳ್ಳೆಯದು.

ಊರಿನ ಅಂಗಡಿಗಳಲ್ಲಿ ದುಡಿಯುವವರೂ ಗಮನಿಸಿ. ಕೇರಳದ ಅಂಗಡಿ ಕಾಯ್ದೆ ಪ್ರಕಾರ ದಿನಕ್ಕೆ 8, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಜಾಸ್ತಿ ದುಡಿಸಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ವಾರಕ್ಕೊಂದು ರಜೆಯೂ ನಿಮ್ಮ ಹಕ್ಕು. ಮಂಗಳೂರಿನ ಅಂಗಡಿಗೆ ಕರ್ನಾಟಕದ ಕಾಯ್ದೆ, ಅಲ್ಲೂ ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟೇ. ಸುಮ್ನೆ ಬಾಯಿಮಾತಲ್ಲಿ ಕೇಳಬೇಡಿ. ಬಂದ ಹೊತ್ತು, ಹೊರಟ ಹೊತ್ತು ದಿನಾ ಡೈರಿಯಲ್ಲಿ ಬರೆದಿಡಿ, ಮಾತಾಡುವಾಗ ಅದನ್ನೇ ತೋರಿಸಿ.