ನಿಮ್ಮ ಪೇಪರಿನ ಸೈಟೇಷನ್ ಎಣಿಸುವುದು ಹೇಗೆ?

ಬಸವನಗುಡಿ ಕಡೆಯ ಕಾಲೇಜೊಂದರಲ್ಲಿ ನಾನು ಲೈಬ್ರರಿಯನ್. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂತ ಗೊತ್ತಾದರೆ ಸಾಕು, ಮೇಷ್ಟ್ರುಗಳೆಲ್ಲ ನನ್ನ ಟೇಬಲ್ ಮುಂದೆ: "ಮೇಡಂ, ನನ್ನ ಎಚ್-ಇಂಡೆಕ್ಸ್ ಎಷ್ಟಿದೆ ನೋಡಿ." ಸೈಟೇಷನ್ ಅಂದರೆ ನಿಮ್ಮ ಪೇಪರನ್ನು ಇನ್ನೊಂದು ಪೇಪರ್ ಉಲ್ಲೇಖಿಸುವುದು. ಎಚ್-ಇಂಡೆಕ್ಸ್ ಆ ಉಲ್ಲೇಖಗಳಿಂದ ಲೆಕ್ಕ ಹಾಕುವ ಅಂಕ.

ಮೊದಲು ಹೆಸರು ಸರಿ ಮಾಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್ ಹಾವಳಿ ಜಾಸ್ತಿ. ಕೆ. ಮಂಜುನಾಥ್, ಮಂಜುನಾಥ್ ಕೆ., ಮಂಜುನಾಥ ಕೃಷ್ಣಪ್ಪ ಮೂವರೂ ಒಬ್ಬರೇ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಇನ್ನೊಬ್ಬ ಮಂಜುನಾಥರ ಪೇಪರ್ ಪೇಪರ್ ಹುಡುಕಿಕೊಡುವ ಗೂಗಲ್ ಸ್ಕಾಲರಿನ ನಿಮ್ಮ ಪ್ರೊಫೈಲಿಗೆ ಬಂದು ಸೇರಿದ್ದರೆ ತೆಗೆದುಹಾಕಿ. ಖುಷಿಯಾಗಿ ಇಟ್ಟುಕೊಂಡವರೂ ಇದ್ದಾರೆ ಬಿಡಿ. ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ (ORCID) ನಂಬರ್ ಉಚಿತ. ಒಂದು ಮಾಡಿಸಿಕೊಂಡು ಎಲ್ಲ ಪೇಪರಲ್ಲೂ ಅದನ್ನೇ ಹಾಕಿ.

ಆಮೇಲೆ ಪೇಪರಿನ ಹೆಸರನ್ನು ಡಬಲ್ ಕೋಟ್ ಒಳಗಿಟ್ಟು ಸ್ಕಾಲರ್‌ನಲ್ಲಿ ಹುಡುಕಿ. ಕೆಳಗೆ 'ಸೈಟೆಡ್ ಬೈ' ಸಂಖ್ಯೆ ಸಿಗುತ್ತದೆ. ಸ್ಕೋಪಸ್ ಅನ್ನುವುದು ಕಾಲೇಜು ಚಂದಾ ಕಟ್ಟಿ ನೋಡುವ ಸೈಟೇಷನ್ ಡೇಟಾಬೇಸ್. ಸ್ಕೋಪಸ್‌ನಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಸ್ಕಾಲರ್ ಥೀಸಿಸ್, ಜರ್ನಲ್ ಪರಿಶೀಲನೆಗೆ ಮುಂಚೆ ಹಾಕಿದ ಪ್ರಿಪ್ರಿಂಟ್‌ಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಸ್ಕೋಪಸ್ ಆರಿಸಿದ ಜರ್ನಲ್, ಪುಸ್ತಕ, ಸಮ್ಮೇಳನದ ಪ್ರಬಂಧಗಳಂಥವನ್ನಷ್ಟೇ ನೋಡುತ್ತದೆ. ಅದಕ್ಕೇ ಸಂಖ್ಯೆಯ ಪಕ್ಕದಲ್ಲಿ ಎಲ್ಲಿ ನೋಡಿದ್ದು, ಯಾವ ದಿನ ನೋಡಿದ್ದು ಅಂತ ಬರೆಯಿರಿ. ಸ್ಕೋಪಸ್ ಇಲ್ಲದ ಕಾಲೇಜಿನವರು ಅಂಥದೇ ಡೇಟಾಬೇಸ್ ಆದ ಓಪನ್‌ಅಲೆಕ್ಸ್ ನೋಡಬಹುದು, ದುಡ್ಡು ಬೇಡ.

ಎಚ್-ಇಂಡೆಕ್ಸನ್ನು 2005ರಲ್ಲಿ ಕೊಟ್ಟವರು ಭೌತವಿಜ್ಞಾನಿ ಹಾರ್ಹೆ ಹಿರ್ಷ್. ಕೈಯಲ್ಲೇ ಹಾಕಬಹುದು. ಪೇಪರ್‌ಗಳನ್ನು ಸೈಟೇಷನ್ ಜಾಸ್ತಿಯಿಂದ ಕಡಿಮೆಗೆ ಜೋಡಿಸಿ: 40, 18, 9, 6, 5, 2. ಐದನೆಯದಕ್ಕೆ 5 ಇದೆ, ಆರನೆಯದಕ್ಕೆ 6 ಇಲ್ಲ. ಕನಿಷ್ಠ 5 ಸೈಟೇಷನ್ ಇರುವ ಪೇಪರ್ 5 ಇವೆ, ಹಾಗಾಗಿ ಎಚ್ 5. ಆ 40 ನಾಳೆ 400 ಆದರೂ ಅದು 5ರಲ್ಲೇ ಕೂತಿರುತ್ತದೆ! ಗಣಿತದವರ ಎಚ್ ಅನ್ನು ಬಯೋಟೆಕ್ನವರದರ ಪಕ್ಕ ಇಡಲೂಬೇಡಿ. ಅಲ್ಲಿ ಸೈಟ್ ಮಾಡುವ ರೂಢಿಯೇ ಬೇರೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಒಂದು ಜರ್ನಲಿನ ಪೇಪರುಗಳಿಗೆ ಸರಾಸರಿ ಸಿಕ್ಕ ಸೈಟೇಷನ್. ಅದು ಜರ್ನಲಿನದು, ಅದನ್ನು ನಿಮ್ಮ ಪೇಪರಿನ ಅಂಕ ಅಂತ ಬರೆದುಕೊಳ್ಳಬೇಡಿ.

ನಾನು ನಿಜವಾಗಿ ನಂಬುವುದು ಸೈಟ್ ಮಾಡಿದ ಪೇಪರ್ ತೆರೆದು ಓದುವುದನ್ನು. ನಿಮ್ಮನ್ನು ನೀವೇ ಸೈಟ್ ಮಾಡಿದ್ದು ಪಕ್ಕಕ್ಕಿಡಿ. ಉಳಿದವರು ಪೀಠಿಕೆಯಲ್ಲಿ ಹತ್ತು ಹೆಸರಿನ ಜೊತೆ ಸುಮ್ನೆ ತುರುಕಿದ್ದಾರಾ, ನಿಮ್ಮ ವಿಧಾನ ಬಳಸಿದ್ದಾರಾ, ತಪ್ಪು ಅಂತ ತೋರಿಸಿದ್ದಾರಾ? ಮೂರಕ್ಕೂ ಸಿಗುವ ಎಣಿಕೆ ಒಂದೇ.

ಕನ್ನಡ ವಿಭಾಗದವರಿಗೆ ಇದ್ಯಾವುದೂ ಅಷ್ಟಾಗಿ ದಕ್ಕುವುದಿಲ್ಲ. ಶಾಸನದ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ಕನ್ನಡ ಪುಸ್ತಕಗಳು ಎಷ್ಟು ನೆನೆದರೂ ಸ್ಕೋಪಸ್‌ಗೆ ಹೆಚ್ಚಾಗಿ ಕಾಣದು. ಅವರು ಭಾರತದ ಥೀಸಿಸ್ಸುಗಳ ಆನ್ಲೈನ್ ಭಂಡಾರವಾದ ಶೋಧಗಂಗಾದಲ್ಲಿ ತಮ್ಮ ವಿಷಯದ ಥೀಸಿಸ್‌ಗಳನ್ನು ತೆರೆದು, ಕೊನೆಯ ಗ್ರಂಥಸೂಚಿ ನೋಡಿ, ಪುಟದ ಸಂಖ್ಯೆ ಸಮೇತ ಪಟ್ಟಿ ಮಾಡಿ ಫೈಲಿಗೆ ಹಾಕಲಿ. ಪಟ್ಟಿ ತಂದರೆ ಟೈಪ್ ಮಾಡಿಕೊಡುವ ಕೆಲಸ ನನ್ನದು.