ಅಜ್ಜಿ ಹಟ್ಟಿಯಲ್ಲಿದ್ದಾರೆ: ನಮ್ಮ ನೋಟಿಸ್ ಬೋರ್ಡಿನ ಕತೆ

ಕಾರ್ಮಿಕ ಇಲಾಖೆಯಿಂದ ತಪಾಸಣೆಗೆ ಬಂದವರು ನಮ್ಮ ನೋಟಿಸ್ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದರು. ಫೋಟೋ ಹೊಡೆಯುತ್ತಾರೆ ಅಂದುಕೊಂಡೆ. ಅವರು ಲೈಂಗಿಕ ಕಿರುಕುಳ ತಡೆ ಸಮಿತಿಯ ನೋಟಿಸಿನಲ್ಲಿದ್ದ ಅಧ್ಯಕ್ಷೆಯ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಒಬ್ಬ ಹುಡುಗ ಎತ್ತಿದ.

"ಅಜ್ಜಿ ಹಟ್ಟಿಯಲ್ಲಿದ್ದಾರೆ, ಹಾಲು ಕರೀತಾ ಇದ್ದಾರೆ. ಎಂತ ಹೇಳ್ಬೇಕು?"

ಆ ಅಜ್ಜಿ ನಮ್ಮ ಗ್ರೇಡಿಂಗ್ ವಿಭಾಗದಲ್ಲಿ ಮೇಲ್ವಿಚಾರಕಿ ಆಗಿದ್ದವರು. ಕೆಲಸ ಬಿಟ್ಟು ಎರಡು ವರ್ಷ ಆಗಿತ್ತು. ಹೆಸರು ಮಾತ್ರ ಗಾಜಿನ ಹಿಂದೆ ಹಾಗೇ ಉಳಿದಿತ್ತು. ಬಂದವರು ನಗಲಿಲ್ಲ. "ಯಾರಿಗಾದರೂ ತೊಂದರೆ ಆಗಿ ಫೋನ್ ಮಾಡಿದ್ರೆ ಹೀಗೇನಾ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮದು ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಗೇರುಬೀಜ ಫ್ಯಾಕ್ಟರಿ. ಸುಮಾರು 140 ಜನ. ಅವರಲ್ಲಿ ಹೆಚ್ಚುಕಡಿಮೆ 120 ಮಂದಿ ಹೆಂಗಸರು. ಎಚ್‌ಆರ್ ಅಂತ ಬೇರೆ ಯಾರೂ ಇಲ್ಲ. ಟ್ಯಾಲಿಯಲ್ಲಿ ಲೆಕ್ಕ ನೋಡುವವನೂ ನಾನೇ, ಪಿಎಫ್ ಕಟ್ಟುವವನೂ ನಾನೇ, ಬೋರ್ಡಿಗೆ ಪಿನ್ ಚುಚ್ಚುವವನೂ ನಾನೇ. ಹಾಗಾಗಿ ತಪ್ಪೂ ನನ್ನದೇ.

ಕಾರ್ಮಿಕ ಕಾಯ್ದೆಗಳ ಸಾರಾಂಶ, ನೋಟಿಸುಗಳನ್ನು ಕೆಲಸದವರಿಗೆ ಕಾಣುವ ಹಾಗೆ ಹಾಕಬೇಕು ಅಂತ ಕಾಯ್ದೆಯೇ ಹೇಳುತ್ತದೆ. ತಪ್ಪು ಶುರುವಾದದ್ದು ಒಂದು ಪೋಸ್ಟರ್ ಸೆಟ್ಟಿನಿಂದ. ಬ್ಯಾಗ್ ಹಾಕಿಕೊಂಡು ಬಂದ ಒಬ್ಬರು "ಎಲ್ಲಾ ಲೇಬರ್ ಕಾಯ್ದೆ ಒಂದೇ ಸೆಟ್ಟಿನಲ್ಲಿ ಉಂಟು, ಹಾಕಿದ್ರೆ ಆಯ್ತು" ಅಂದಿದ್ದರು. ಮಿರಿಮಿರಿ ಮಿಂಚುವ 14 ಹಾಳೆ. ತಂದು ಸಾಲಾಗಿ ಹಾಕಿದೆ, ಮುಗಿಯಿತು ಅಂದುಕೊಂಡೆ. ಅವು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಹೆಸರು, ತಾರೀಕು, ಕೂಲಿ ದರ ಬರೆಯಬೇಕಾದ ಗೆರೆಗಳೆಲ್ಲ ಖಾಲಿ. ಕೆಲವನ್ನು ತುಂಬಿಸಿದೆ, ಕೆಲವನ್ನು ಹಾಗೇ ಬಿಟ್ಟೆ. ತುಂಬಿಸಿದ್ದನ್ನು ಮತ್ತೆ ತಿರುಗಿ ನೋಡಲಿಲ್ಲ.

ತಪಾಸಣೆ ಮುಗಿದ ಮೇಲೆ ಎಲ್ಲವನ್ನೂ ಕೆಳಗಿಳಿಸಿ ಮೇಜಿನ ಮೇಲೆ ಹರಡಿ ಕೂತೆ. ಆಗ ಹೊಳೆದದ್ದು ಇಷ್ಟು. ಕಾಯ್ದೆಯ ಸಾರಾಂಶ ಅಂತ ದೊಡ್ಡದಾಗಿ ಅಚ್ಚಾಗಿರುವ ಭಾಗ ವರ್ಷಗಟ್ಟಲೆ ಬದಲಾಗುವುದಿಲ್ಲ. ಹಳತಾಗುವುದು ಕೈಯಲ್ಲಿ ಬರೆದ ನಾಲ್ಕೈದು ಗೆರೆ. ಸಮಿತಿಯವರ ಹೆಸರು, ಕೂಲಿ ದರ, ಸಂಬಳದ ದಿನ, ಅಧಿಕಾರಿಯ ವಿಳಾಸ, ರಜೆಯ ಪಟ್ಟಿ. ಕೆಲಸದವರಿಗೆ ಬೇಕಾದದ್ದೂ ಆ ನಾಲ್ಕೈದು ಗೆರೆಯೇ. ಅವತ್ತಿನಿಂದ ನನ್ನ ಬೋರ್ಡು ಎರಡು ಪಾಲಾಯಿತು. ಎಡಗಡೆ ಬದಲಾಗದ್ದು, ಬಲಗಡೆ ಬದಲಾಗುವಂಥದ್ದು. ಬಲಗಡೆಯ ಪ್ರತಿ ಹಾಳೆಯ ಕೆಳಮೂಲೆಯಲ್ಲಿ ಹಾಕಿದ ದಿನ, ಮತ್ತೆ ನೋಡಬೇಕಾದ ದಿನ, ನನ್ನ ಸಹಿ.

ಇನ್ನು ಬೋರ್ಡಿನ ಸಂಗತಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಅರ್ಧ ಕೆಲಸ ಕಾಯ್ದೆಯದ್ದಾದರೆ ಇನ್ನರ್ಧ ಮಳೆಯದ್ದು. ನೋಟಿಸು ಸ್ವಚ್ಛವಾಗಿ, ಓದುವ ಹಾಗೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಅದನ್ನು ಬರೆದವರು ಜುಲೈ ತಿಂಗಳಲ್ಲಿ ಉಡುಪಿಗೆ ಬಂದಿರಲಿಕ್ಕಿಲ್ಲ. ಮೊದಲ ಬೋರ್ಡು ಪ್ಲೈವುಡ್ಡು. ಜೂನ್ ಮುಗಿಯುವುದರೊಳಗೆ ಕಾಗದದ ಅಂಚು ಹಪ್ಪಳದ ಹಾಗೆ ಸುರುಳಿ ಸುತ್ತಿತು. ಇಂಕ್‌ಜೆಟ್ ಪ್ರಿಂಟಿನ ಅಕ್ಷರ ನೀಲಿ ನೀರಾಗಿ ಇಳಿಯಿತು. ಲ್ಯಾಮಿನೇಶನ್ ಮಾಡಿಸಿದೆ. ತೇವ ಒಳಗೇ ಸಿಕ್ಕಿಬಿದ್ದು ಬೂಷ್ಟು ಹಿಡಿಯಿತು, ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ. ಎರಡನೇ ವರ್ಷ ಪ್ಲೈವುಡ್ಡಿನ ಹಿಂದೆ ಗೆದ್ದಲು ಹತ್ತಿತು.

ಈಗ ಇರುವುದು ಅಲ್ಯೂಮಿನಿಯಂ ಚೌಕಟ್ಟಿನ, ಗಾಜು ಸರಿಸಿ ಬೀಗ ಹಾಕುವ ಪೆಟ್ಟಿಗೆ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು. ಗೋಡೆಗೂ ಪೆಟ್ಟಿಗೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು ರೀಪು ಕೊಟ್ಟಿದ್ದೇವೆ, ಗೋಡೆಯ ತೇವ ಹತ್ತುವುದಿಲ್ಲ. ಕೆಳಗೆ ನಾಲ್ಕು ಸಣ್ಣ ತೂತು, ಗಾಳಿ ಆಡಲಿಕ್ಕೆ. ಪ್ರಿಂಟು ಲೇಸರ್‌ನಲ್ಲೇ ಆಗಬೇಕು, ಇಲ್ಲದಿದ್ದರೆ ಜೆರಾಕ್ಸ್. ಮಳೆಗಾಲದಲ್ಲೂ ಅಕ್ಷರ ಇಳಿಯುವುದಿಲ್ಲ.

ಜಾಗವನ್ನೂ ಬದಲಾಯಿಸಿದೆ. ಮೊದಲು ಆಫೀಸಿನ ಬಾಗಿಲ ಪಕ್ಕ ಇತ್ತು. ಅಲ್ಲಿಗೆ ಬರುವವರು ನಾನು ಮತ್ತು ಕೊರಿಯರ್ ಹುಡುಗ. ಈಗ ಗೇಟಿನ ಒಳಗೆ, ಪಂಚಿಂಗ್ ಮೆಷಿನ್ ಇರುವ ಜಗಲಿಯಲ್ಲಿದೆ. ಮಳೆಗಾಲದಲ್ಲಿ ಕೊಡೆ ನೇತು ಹಾಕುವ ಸಾಲು ಅಲ್ಲೇ. ಸಂಜೆ ಬಸ್ಸಿಗೆ ಕಾಯುವುದೂ ಅಲ್ಲೇ. ಮೂರು ತಿಂಗಳಾದ ಮೇಲೆ ಇನ್ನೊಂದು ಗಮನಕ್ಕೆ ಬಂತು. ಬೋರ್ಡನ್ನು ನನ್ನ ಎತ್ತರಕ್ಕೆ ಹೊಡೆಸಿದ್ದೆ. ಹೆಂಗಸರು ತಲೆ ಎತ್ತಿ ಎತ್ತಿ ನೋಡುತ್ತಿದ್ದರು. ಒಂದು ಗೇಣು ಕೆಳಗಿಳಿಸಿದೆವು.

ಭಾಷೆಯ ವಿಷಯ ಬಂದರೆ, ಇಂಗ್ಲಿಷಿನ ಜತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂತ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ನಮ್ಮಲ್ಲಿ ಮಾತು ತುಳು, ಓದು ಕನ್ನಡ. ಕನ್ನಡ ಹಾಕಿದರೆ ಸಾಕು. ಆದರೆ ಯಾವ ಕನ್ನಡ? ಸರ್ಕಾರಿ ಅನುವಾದದಲ್ಲಿ "ಉಪದಾನ" ಅಂತ ಇತ್ತು. ಬೀಜದ ಸಿಪ್ಪೆ ಸುಲಿಯುವ ಪೀಲಿಂಗ್ ಹಾಲಿನ ಒಬ್ಬರು ಅಕ್ಕ "ಇದು ದೇವಸ್ಥಾನಕ್ಕೆ ಕೊಡುವ ದುಡ್ಡಾ ಸರ್?" ಅಂತ ಕೇಳಿದರು. ಗ್ರಾಚ್ಯುಟಿ, ಕೆಲಸ ಬಿಡುವಾಗ ಸಿಗುವ ಹಣ ಅಂದ ಕೂಡಲೇ ಗೊತ್ತಾಯಿತು. ಸಾರಾಂಶದ ಮಾತನ್ನು ನಾನು ತಿದ್ದುವುದಿಲ್ಲ, ಅದು ಇದ್ದ ಹಾಗೇ ಇರಬೇಕು. ಅದರ ಕೆಳಗೆ ಒಂದು ಚೀಟಿಯಲ್ಲಿ ನಮ್ಮ ಮಾತಿನಲ್ಲಿ ಎರಡು ಸಾಲು ಬರೆದು ಅಂಟಿಸುತ್ತೇನೆ. ಬಾಯ್ಲರ್ ಮತ್ತು ಲೋಡಿಂಗ್ ಕಡೆ ಒಡಿಶಾದ ಏಳೆಂಟು ಹುಡುಗರಿದ್ದಾರೆ. ಅವರಿಗಾಗಿ ಕೂಲಿಯ ಹಾಳೆ ಮತ್ತು ಸಮಿತಿಯ ಹಾಳೆ ಮಾತ್ರ ಹಿಂದಿಯಲ್ಲಿ.

ಸಮಿತಿಯ ಹಾಳೆಗೆ ಈಗ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡುತ್ತೇನೆ, ಅಜ್ಜಿಯ ದೆಸೆಯಿಂದ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಬೇಕು. ಅಧ್ಯಕ್ಷೆ ಅಲ್ಲೇ ಕೆಲಸ ಮಾಡುವ ಹಿರಿಯ ಮಹಿಳೆ ಆಗಿರಬೇಕು. ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಒಬ್ಬರು ಹೊರಗಿನವರು. ಅವಧಿ ಹೆಚ್ಚೆಂದರೆ ಮೂರು ವರ್ಷ. ಸಮಿತಿ ರಚಿಸಿದ ಆದೇಶ ಮತ್ತು ಕಿರುಕುಳಕ್ಕೆ ಏನು ಶಿಕ್ಷೆ ಅನ್ನುವುದು ಎರಡೂ ಎದ್ದು ಕಾಣುವ ಜಾಗದಲ್ಲಿರಬೇಕು. ಸಮಿತಿಯನ್ನೇ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ. ದೂರು ಕೊಡಲಿಕ್ಕೆ ಮೂರು ತಿಂಗಳ ಕಾಲಾವಕಾಶ ಇದೆ ಅನ್ನುವುದನ್ನು ನಾನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ.

ಗೇಟಿನ ಹತ್ತಿರ ಹಾಕಿದರೆ ಕಾಯ್ದೆಗೆ ಸಾಕಾಗಬಹುದು. ಆದರೆ ಮೇಸ್ತ್ರಿ ನೋಡುತ್ತಾ ನಿಂತಿರುವಾಗ ಯಾವ ಹುಡುಗಿ ಆ ನಂಬರ್ ಬರೆದುಕೊಳ್ಳುತ್ತಾಳೆ? ಅದಕ್ಕೆ ಇನ್ನೊಂದು ಪ್ರತಿಯನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಹಾಕಿದ್ದೇವೆ. ಇದು ಈಗಿನ ಅಧ್ಯಕ್ಷೆಯ ಯೋಚನೆ, ನನ್ನದಲ್ಲ. ಮೂರು ತಿಂಗಳಿಗೊಮ್ಮೆ ಪಟ್ಟಿಯಲ್ಲಿರುವ ಎಲ್ಲ ನಂಬರಿಗೂ ನಾನೇ ಫೋನ್ ಮಾಡಿ ನೋಡುತ್ತೇನೆ. ಅವರಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ಹೆರಿಗೆ ಸೌಲಭ್ಯದ ಸಾರಾಂಶವೂ ಒಂದೇ ಕಡೆ ಇದ್ದರೆ ಆಗುವುದಿಲ್ಲ. ಹೆಂಗಸರು ಕೆಲಸ ಮಾಡುವ ಪ್ರತಿ ವಿಭಾಗದಲ್ಲೂ ಬೇಕು. ನಮ್ಮಲ್ಲಿ ಕಟ್ಟಿಂಗ್, ಪೀಲಿಂಗ್, ಗ್ರೇಡಿಂಗ್, ಒಟ್ಟು ಮೂರು ಪ್ರತಿ. "ನಮಗೆ ಇಎಸ್‌ಐ ಉಂಟಲ್ಲ, ಇದು ಯಾಕೆ?" ಅಂತ ಸೂಪರ್ವೈಸರ್ ಕೇಳಿದರು. ಸರಿಯಾದ ಪ್ರಶ್ನೆ. ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ. ಇಎಸ್‌ಐ ಇರುವವರಿಗೆ ಹೆರಿಗೆ ಹಣ ಅಲ್ಲಿಂದಲೇ ಬರುತ್ತದೆ, ನಾವು ಕೊಡುವುದಲ್ಲ. ಆದರೆ ಸಂಬಳ 21,000 ದಾಟಿ ಇಎಸ್‌ಐಯಿಂದ ಹೊರಗಿರುವವರು ಆಫೀಸಿನಲ್ಲಿ ಇಬ್ಬರಿದ್ದಾರೆ. ಮೊದಲ ಎರಡು ಮಕ್ಕಳಿಗೆ 26 ವಾರದ ಹೆರಿಗೆ ರಜೆ, ಆಮೇಲೆ 12 ವಾರ. ಇದನ್ನು ಚೀಟಿಯಲ್ಲಿ ಬರೆದು ಹಾಕಿದೆ. ಬಾಲಕಾರ್ಮಿಕ ನಿಷೇಧದ ನೋಟಿಸನ್ನು ಏಪ್ರಿಲ್ ಮೊದಲು ಒಮ್ಮೆ ಒರೆಸಿ ಎದುರಿಗೆ ತರುತ್ತೇನೆ. ಶಾಲೆಗೆ ರಜೆ ಸಿಕ್ಕಿದರೆ ಅಮ್ಮಂದಿರ ಜತೆ ಮಕ್ಕಳು ಬಂದುಬಿಡುತ್ತಾರೆ. ಶಿಶುವಿಹಾರದ ಕೋಣೆಯಲ್ಲಿ ಕೂತರೆ ಸರಿ, ಸುಮ್ನೆ ಆಟಕ್ಕೆ ಅಂತ ಬೀಜ ಸುಲಿಯಲು ಕೂತರೆ ನಮಗೆ ಆಪತ್ತು.

ಇನ್ನು ಕೂಲಿಯ ಹಾಳೆ. ರಾಜ್ಯದಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಕೆಜಿ ಲೆಕ್ಕದ ಕೂಲಿ, ಅದರ ಮೇಲೆ ಭತ್ಯೆ. ಒಂದು ವರ್ಷ ಆದೇಶ ನೋಡಿ ಹೊಸ ಹಾಳೆ ಹಾಕಿ ಬೀಗಿದೆ, ಎಲ್ಲ ಸಮಯಕ್ಕೆ ಆಯಿತು ಅಂತ. ಮೇ ತಿಂಗಳಲ್ಲಿ ಸಂಬಳ ಆದ ಮರುದಿನ ಪೀಲಿಂಗಿನ ಅದೇ ಅಕ್ಕ ಸ್ಲಿಪ್ ಹಿಡಿದು ಬೋರ್ಡಿನ ಮುಂದೆ ನಿಂತಿದ್ದರು. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಅಂಕಿ ಓದುತ್ತಿದ್ದರು. ನನ್ನನ್ನು ಕಂಡು ಕರೆದರು.

"ಸರ್, ಇಲ್ಲಿ ಏಪ್ರಿಲ್ ಒಂದರಿಂದ ಅಂತ ಉಂಟು. ನನ್ನ ಸ್ಲಿಪ್ಪಿನಲ್ಲಿ ಮೊದಲ ವಾರಕ್ಕೆ ಹಳೇ ಭತ್ಯೆಯೇ ಬಿದ್ದಿದೆಯಲ್ಲ?"

ಹೋಗಿ ಕಂಪ್ಯೂಟರ್ ನೋಡಿದೆ. ಹಾಳೆ ಬದಲಾಯಿಸಿದ್ದು ಸರಿ, ಸಾಫ್ಟ್‌ವೇರಿನಲ್ಲಿ ದರ ಬದಲಾಯಿಸಿದ್ದು 8ನೇ ತಾರೀಕು. ಏಳು ದಿನದ ವ್ಯತ್ಯಾಸ, ಅದೂ ಒಬ್ಬರಿಗಲ್ಲ, ಎಲ್ಲರಿಗೂ. ಧಣಿಗಳಿಗೆ ಹೇಳಿದೆ. "ಇದಕ್ಕೇ ನಾನು ಹೇಳಿದ್ದು, ಬೋರ್ಡು ಆಫೀಸಿನ ಪಕ್ಕವೇ ಇರಲಿ ಅಂತ" ಅಂದರು. ಅರ್ಧ ತಮಾಷೆ, ಅರ್ಧ ನಿಜ. ಅದೇ ವಾರ ಬಾಕಿ ಕೊಟ್ಟೆವು. ಅಂದಿನಿಂದ ಕ್ರಮ ಬದಲಾಗಿದೆ. ಮೊದಲು ಸಾಫ್ಟ್‌ವೇರಿನಲ್ಲಿ ದರ ಹಾಕಿ, ಅದರಿಂದಲೇ ಹಾಳೆ ಪ್ರಿಂಟ್ ತೆಗೆಯುತ್ತೇನೆ. ಈಗ ಸೋಮವಾರ ಗಾಜು ಒರೆಸುವಾಗ ನೋಡಿದರೆ ಬೆರಳಿನ ಗುರುತು ಇರುವುದು ಕೂಲಿಯ ಹಾಳೆಯ ಮುಂದೆ ಮಾತ್ರ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ 29 ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. ಎರಡೇ ವಾರದಲ್ಲಿ ಹೊಸ ಪೋಸ್ಟರ್ ಸೆಟ್ಟು ಮಾರುವ ಫೋನ್ ಬರಲು ಶುರುವಾಯಿತು. ಈ ಸಲ ನಾನು ಅವಸರ ಮಾಡಲಿಲ್ಲ. ಯಾವುದು ಹೋಯಿತು, ಯಾವುದು ಉಳಿಯಿತು ಅಂತ ಮೊದಲು ಪಟ್ಟಿ ಮಾಡಿದೆ. ವೇತನ ಪಾವತಿ, ಕನಿಷ್ಠ ವೇತನ, ಬೋನಸ್, ಸಮಾನ ವೇತನದ ನಾಲ್ಕು ಕಾಯ್ದೆ ಸೇರಿ 2019ರ ವೇತನ ಸಂಹಿತೆ ಆಗಿದೆ. ಗ್ರಾಚ್ಯುಟಿ, ಹೆರಿಗೆ ಸೌಲಭ್ಯ, ಪಿಎಫ್, ಇಎಸ್‌ಐ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹೋದವು. ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನೂ ಬಾಲಕಾರ್ಮಿಕ ಕಾಯ್ದೆಯನ್ನೂ ಮುಟ್ಟಿಲ್ಲ. ರಾಜ್ಯದ ಹಬ್ಬದ ರಜೆಯ ಕಾಯ್ದೆಯೂ ಹಾಗೇ ಇದೆ. ಪೇಟೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಭಾವನಿಗೆ ಬೇಕಾದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ರಾಜ್ಯದ್ದೇ. ಅವನು ನೋಂದಣಿ ಪತ್ರ ಗೋಡೆಗೆ ಹಾಕಲೇಬೇಕು, ಅಂಗಡಿಯ ನಾಮಫಲಕದಲ್ಲಿ ಶೇ. 60 ಕನ್ನಡ ಇರಲೇಬೇಕು.

ವೇತನ ಸಂಹಿತೆಯ 50ನೇ ಕಲಂ ಓದಿದಾಗ ಖುಷಿಯಾಯಿತು. ಸಾರಾಂಶ, ವರ್ಗವಾರು ಕೂಲಿ ದರ, ವೇತನದ ಅವಧಿ, ಸಂಬಳ ಕೊಡುವ ದಿನ ಮತ್ತು ಸಮಯ, ಇನ್ಸ್‌ಪೆಕ್ಟರ್ ಕಂ ಫೆಸಿಲಿಟೇಟರ್ ಅನ್ನುವ ತಪಾಸಣಾಧಿಕಾರಿಯ ಹೆಸರು ವಿಳಾಸ. ಹೆಚ್ಚುಕಡಿಮೆ ನನ್ನ ಬಲಗಡೆಯ ಪಟ್ಟಿಯೇ. ಎರಡು ಹಾಳೆ ಒಂದಾಯಿತು. ತಿಂಗಳ ಸಂಬಳ ಮರುತಿಂಗಳ 7ರೊಳಗೆ ಆಗಬೇಕು ಅನ್ನುವುದನ್ನು ಅದರಲ್ಲೇ ಬರೆದಿದ್ದೇನೆ. ಹಳೆಯ ಹಾಳೆಗಳನ್ನು ಹರಿಯಲಿಲ್ಲ. ತೆಗೆದ ತಾರೀಕು ಹಿಂದೆ ಬರೆದು ಬಾಕ್ಸ್ ಫೈಲಿಗೆ ಸೇರಿಸಿದೆ. ಯಾವ ದಿನ ಯಾವ ನೋಟಿಸು ಇತ್ತು ಅಂತ ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು. ಬೋರ್ಡಿನ ಫೋಟೋವನ್ನೂ ಮೂರು ತಿಂಗಳಿಗೊಮ್ಮೆ ತೆಗೆದಿಡುತ್ತೇನೆ, ತಾರೀಕು ಕಾಣುವ ಹಾಗೆ.

ಉಳಿದದ್ದು ರಜೆಯ ಪಟ್ಟಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದು ಖಾಯಂ. ಇನ್ನೈದು ಹಬ್ಬದ ರಜೆ. ಅದಕ್ಕೇ ಜಗಳ. ಚೌತಿ, ದೀಪಾವಳಿ ಬಗ್ಗೆ ತಕರಾರಿಲ್ಲ. ಕ್ರೈಸ್ತರ ಮೊಂತಿ ಹಬ್ಬ ಬೇಕು ಅನ್ನುವವರಿದ್ದಾರೆ, ರಂಜಾನ್ ಬೇಕು, ತುಳುವರ ಹೊಸ ವರ್ಷದ ಬಿಸು ಬೇಕು. 2025ರಲ್ಲಿ ನಾನು ಮೊಬೈಲ್ ಕ್ಯಾಲೆಂಡರ್ ನೋಡಿ ಕೃಷ್ಣಾಷ್ಟಮಿಗೆ ಆಗಸ್ಟ್ 16 ಹಾಕಿದೆ. ಉಡುಪಿಯಲ್ಲಿ ಸೌರಮಾನದ ಲೆಕ್ಕ, ನಮ್ಮ ಅಷ್ಟಮಿ ಬಂದದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಅಷ್ಟಮಿಯ ಮರುದಿನ ಕೃಷ್ಣಮಠದ ರಥಬೀದಿಯಲ್ಲಿ ನಡೆಯುವ ವಿಟ್ಲಪಿಂಡಿಯ ದಿನ ಹಾಲ್ ಖಾಲಿ. ಗೇಟಿನ ಕಾವಲಿನವರು "ಇವತ್ತು ಯಾರು ಬರ್ತಾರೆ ಮಾರಾಯ್ರೆ, ಎಲ್ಲ ರಥಬೀದಿಯಲ್ಲಿದ್ದಾರೆ" ಅಂದರು. ಬೋರ್ಡಿನಲ್ಲಿ ನನ್ನ ಸಹಿ ಇರುವ ತಪ್ಪು ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ತೂಗುತ್ತಿತ್ತು, ಒಂದು ಗೇಣು ಕೆಳಗಿಳಿಸಿದ ಬೋರ್ಡಿನಲ್ಲಿ.

ಈಗ ನವೆಂಬರಿನಲ್ಲೇ ಪ್ರತಿ ವಿಭಾಗದಿಂದ ಒಬ್ಬರನ್ನು ಕೂರಿಸಿ, ಮುಂದೆ ಉಡುಪಿಯ ಪಂಚಾಂಗ ಇಟ್ಟುಕೊಂಡು ಪಟ್ಟಿ ಮಾಡುತ್ತೇವೆ. ಚಹಾ ಎರಡು ಸಲ ಆಗುತ್ತದೆ. ಕಿರುಕುಳ ತಡೆ ಸಮಿತಿಯಲ್ಲಿರುವ ಹೊರಗಿನ ಸದಸ್ಯೆಯ ಮೂರು ವರ್ಷ ಬರುವ ಆಗಸ್ಟಿಗೆ ಮುಗಿಯುತ್ತದೆ, ಕ್ಯಾಲೆಂಡರಿನ ಜೂನ್ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.