ಡೈ ಆಯ್ಕೆ ಮಾಡುವ ಮೊದಲು ಮೈಕ್ರೋಸ್ಕೋಪ್ ಯಾವುದು ಅಂತ ಕೇಳಿ

ಮೊದಲ ಸಲ ಬೆಳಗಾವಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದಾಗ ಬ್ಯಾಗಿನಲ್ಲಿ ಎರಡು ಡಬ್ಬಿ ಇದ್ದವು. ಒಂದರಲ್ಲಿ ಸ್ಲೈಡು, ಇನ್ನೊಂದರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸ್ಕೋಪ್ ನೋಡಿಕೊಳ್ಳುವವರಿಗೆ ಕುಂದಾ. ಕೆಲಸಕ್ಕೆ ಬಂದದ್ದು ಕುಂದಾ ಮಾತ್ರ. ಮಾಡಬೇಕಿದ್ದದ್ದು ಸ್ಟಾರ್ಮ್, ಅಂದರೆ ಜೀವಕೋಶಕ್ಕೆ ಅಂಟಿಸಿದ ಹೊಳೆಯುವ ಬಣ್ಣದ (ಡೈ) ಒಂದೊಂದೇ ಅಣುವಿನ ಜಾಗ ಗುರುತಿಸಿ, ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣದಷ್ಟು ಸೂಕ್ಷ್ಮ ಚಿತ್ರ ಕಟ್ಟುವ ವಿಧಾನ. ನಾನು ಒಯ್ದದ್ದು ಅಲೆಕ್ಸಾ 488 ಎಂಬ ಹಸಿರು ಹೊಳಪಿನ ಡೈ ಹಾಕಿ, ಗಟ್ಟಿಯಾಗುವ ಮೌಂಟಿಂಗ್ ಮೀಡಿಯಂನಲ್ಲಿ (ಸ್ಯಾಂಪಲ್ ಮುಚ್ಚಿಡುವ ಅಂಟಿನಂಥ ದ್ರವ) ಕೂರಿಸಿದ ಸ್ಲೈಡು. ಬೆಳಗಾವಿಯ ಕಾನ್ಫೋಕಲ್ ಎಂಬ ಲೇಸರ್ ಮೈಕ್ರೋಸ್ಕೋಪಿನಲ್ಲಿ ಝಗಝಗ ಅಂದಿತ್ತಲ್ಲ, ಅದಕ್ಕೇ ಮೋಸ ಹೋದೆ.

ಸ್ಟಾರ್ಮ್‌ಗೆ ಬರೀ ಹೊಳಪು ಸಾಲದು, ಡೈ ಮಿಣುಕಬೇಕು. ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟನ್ನು ದೂರದಿಂದ ನೋಡಿ. ಎಲ್ಲ ಬಲ್ಬೂ ಒಟ್ಟಿಗೆ ಉರಿದರೆ ಒಂದೇ ಬೆಳಕಿನ ಪಟ್ಟಿ. ಒಂದೊಂದಾಗಿ ಹತ್ತಿ ಆರಿದರೆ ಪ್ರತಿ ಬಲ್ಬಿನ ಜಾಗ ಗುರುತಿಸಬಹುದು. ಡೈ ಹೆಚ್ಚು ಹೊತ್ತು ಆರಿಯೇ ಇರಬೇಕು, ಹತ್ತಿದಾಗ ಮಾತ್ರ ಸಾವಿರಾರು ಫೋಟಾನ್ ಚೆಲ್ಲಬೇಕು. ಇದಕ್ಕೆ ಅಲೆಕ್ಸಾ 647 ಹಾಕಿ, ಮೊದಲ ಸಲವೇ ಬೇರೆ ಪ್ರಯೋಗ ಬೇಡ. ಎರಡನೇ ಬಣ್ಣ ಬೇಕೇ ಬೇಕು ಅಂದರೆ ಸಿಎಫ್ 568 ಎಂಬ ಡೈ. ಆಗಲೂ 647ರ ಚಿತ್ರವನ್ನೇ ಮೊದಲು ತೆಗೆಯಿರಿ. ಅಭ್ಯಾಸಬಲದಿಂದ, ಕೋಶಕೇಂದ್ರ ತೋರಿಸುವ ನೀಲಿ ಡೈ ಡ್ಯಾಪಿ ಹಾಕಬೇಡಿ. ಆರಿದ ಡೈ ಎಬ್ಬಿಸಲು ಬಿಡುವ 405 ನ್ಯಾನೋಮೀಟರ್ ಲೇಸರ್‌ಗೆ ಅದೂ ಬೆಳಗಿ ಹಿನ್ನೆಲೆ ಕೆಡಿಸುತ್ತದೆ.

ಮಿಣುಕುವುದರಲ್ಲಿ ಅರ್ಧ ಪಾಲು ಬಫರಿನದು, ಅಂದರೆ ಸ್ಯಾಂಪಲ್ ಮುಳುಗಿರುವ ದ್ರಾವಣದ್ದು. ಗಟ್ಟಿಯಾದ ನನ್ನ ಸ್ಲೈಡಿನೊಳಗೆ ಅದು ಇಳಿಯುವಂತೆಯೇ ಇರಲಿಲ್ಲ. ಎಂಇಎ ಥರದ ಥಯಾಲ್ (ಗಂಧಕವಿರುವ ರಾಸಾಯನಿಕ) ಬೇಕು, ಜೊತೆಗೆ ಆಮ್ಲಜನಕ ತಿಂದುಹಾಕಲು ಗ್ಲೂಕೋಸ್ ಆಕ್ಸಿಡೇಸ್, ಕ್ಯಾಟಲೇಸ್ ಎಂಬ ಕಿಣ್ವಗಳು. ಈ ಮಿಶ್ರಣ ಕೆಲವೇ ಗಂಟೆಗಳಲ್ಲಿ ಹುಳಿಯಾಗಿ ಪಿಎಚ್ ಇಳಿಯುತ್ತದೆ. ಊರಿಂದಲೇ ಕಲಸಿಕೊಂಡು ಹೋಗಬೇಡಿ.

ಸ್ಟೆಡ್ ಎಂಬ ಇನ್ನೊಂದು ಸೂಕ್ಷ್ಮ ಚಿತ್ರ ವಿಧಾನ ಆದರೆ ಲೆಕ್ಕ ಬೇರೆ. ಅಲ್ಲಿ ಉಂಗುರದಂಥ ಎರಡನೇ ಲೇಸರ್ ಸುತ್ತಲಿನ ಹೊಳಪನ್ನು ಆರಿಸುತ್ತದೆ. ಆ ಹೊಡೆತ ತಡೆಯುವ ಡೈ ಬೇಕು. 775 ನ್ಯಾನೋಮೀಟರ್ ಲೇಸರ್ ಇದ್ದರೆ ಸ್ಟಾರ್ 635ಪಿ ಅಥವಾ ಆಟೋ 647ಎನ್. ಆಟೋಗೆ ಸಿಕ್ಕಸಿಕ್ಕಲ್ಲಿ ಅಂಟುವ ಚಾಳಿ ಇದೆ, ಗುರಿಯ ಪ್ರೋಟೀನನ್ನು ಹಿಡಿಯುವ ಪ್ರೈಮರಿ ಆಂಟಿಬಾಡಿ ಇಲ್ಲದ ಒಂದು ಸ್ಯಾಂಪಲ್ ಜೊತೆಗಿರಲಿ. ಪಟ್ಟೆಪಟ್ಟೆ ಬೆಳಕು ಬಿಟ್ಟು ಚಿತ್ರ ಕಟ್ಟುವ ಸಿಮ್ ವಿಧಾನಕ್ಕೆ ಇಷ್ಟು ತಲೆಬಿಸಿ ಇಲ್ಲ, ಬೇಗ ಸುಡದ ಡೈ ಆದರೆ ಸಾಕು. ನನ್ನ ಆ ಸ್ಲೈಡು ಅಲ್ಲಿ ನಡೆಯುತ್ತಿತ್ತೇನೋ!

ಈಗ ನಾನು ರಾಸಾಯನಿಕದಿಂದ ಫಿಕ್ಸ್ ಮಾಡಿದ ಜೀವಕೋಶಗಳನ್ನು 0.17 ಮಿಲಿಮೀಟರ್ ದಪ್ಪದ ಗಾಜಿನ ಕವರ್‌ಸ್ಲಿಪ್ ಮೇಲೆ, ಪಿಬಿಎಸ್ ಎಂಬ ಉಪ್ಪುನೀರಿನ ಬಫರಿನಲ್ಲಿ ಮುಳುಗಿಸಿ ಒಯ್ಯುತ್ತೇನೆ. ಪ್ರೈಮರಿಗೆ ಅಂಟುವ, ಡೈ ಇರುವ ಸೆಕೆಂಡರಿ ಆಂಟಿಬಾಡಿ ಹಾಕುವುದು ಅಲ್ಲಿಗೆ ಹೋದ ಮೇಲೇ. ಡಬ್ಬಿ ರಾತ್ರಿಯಿಡೀ ತಲೆದಿಂಬಿನ ಪಕ್ಕ. ಕುಂದಾ ಸೀಟಿನ ಕೆಳಗೆ.